ಅಟ್ಟದ ಮೇಲಿನ ಕತ್ತಿ ಟಿಪ್ಪು ದಂಡಿನದ್ದೇ?

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಹಳೇ ಮನೆ ಕೆಡವುವ ಮುಂಚೆ ಅಟ್ಟ ಖಾಲಿ ಮಾಡುವಾಗ ಒಂದು ಕತ್ತಿ, ಒಂದು ಕಠಾರಿ ಸಿಕ್ಕವು. ಕತ್ತಿ ಮೂರು ಅಡಿಗೆ ತುಸು ಕಮ್ಮಿ, ಸ್ವಲ್ಪ ಬಾಗಿದೆ. ಹಿಡಿಯ ತುದಿಯಲ್ಲಿ ತಟ್ಟೆಯಂಥದ್ದಿದೆ. ಅಲಗಿನ ಮೇಲೆ ಎದುರುಬದುರಾಗಿ ಎರಡು ಕುಡುಗೋಲಿನ ಆಕಾರ ಒತ್ತಿದ್ದಾರೆ, ಅವಕ್ಕೆ ಸಣ್ಣ ಹಲ್ಲುಗಳಿವೆ. ಮುತ್ತಾತನ ಕಾಲದಲ್ಲಿ ನಮ್ಮ ಮನೆಯವರು ಊರಿನ ತಳವಾರಿಕೆ ಮಾಡುತ್ತಿದ್ದರು. ದೊಡ್ಡಪ್ಪ ‘ಇದು ಟಿಪ್ಪು ದಂಡಿನ ಕತ್ತಿ’ ಅನ್ನುತ್ತಾರೆ. ಬೆಂಗಳೂರಿನವರೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಫೋಟೊ ನೋಡಿ, ಉಜ್ಜಿ ಬೆಳ್ಳಗೆ ಮಾಡಿಕೊಡಿ, ಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಇದು ಯಾವ ಕಾಲದ್ದು? ತುಕ್ಕು ಹೇಗೆ ತೆಗೆಯುವುದು? ಮನೆಯಲ್ಲಿಟ್ಟುಕೊಂಡರೆ ಕಾನೂನಿನ ತೊಂದರೆ ಇದೆಯೇ? ಆಯುಧಪೂಜೆಗೆ ಇಡಬಹುದೇ?

ಉತ್ತರ: ಮೊದಲು ಒಂದು ಮಾತು. ಉಜ್ಜಬೇಡಿ. ಉಳಿದ ಪ್ರಶ್ನೆಗಳನ್ನು ನಿಧಾನವಾಗಿ ನೋಡಬಹುದು, ಆದರೆ ಉಪ್ಪುಕಾಗದ ಹಿಡಿದು ಕೂತರೆ ಒಂದು ಮಧ್ಯಾಹ್ನದಲ್ಲಿ ಎಲ್ಲ ಉತ್ತರಗಳೂ ಪುಡಿಯಾಗಿ ಕೆಳಗೆ ಬಿದ್ದಿರುತ್ತವೆ. ಬೆಳ್ಳಗೆ ಮಾಡಿಕೊಡಿ ಎನ್ನುವವರಿಗೆ ಬೇಕಿರುವುದು ಗೋಡೆಯ ಅಲಂಕಾರ. ಹಳೇ ಆಯುಧ ಬಲ್ಲವರು ಯಾರೂ ಹಾಗೆ ಕೇಳುವುದಿಲ್ಲ.

ಇನ್ನು ಟಿಪ್ಪು ವಿಷಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಟ್ಟದಿಂದ ಇಳಿದ ಪ್ರತಿ ಕತ್ತಿಗೂ ಟಿಪ್ಪು ಹೆಸರೇ ಅಂಟುತ್ತದೆ. ಕಾರಣ ಇಲ್ಲದೆ ಇಲ್ಲ. ಹೈದರ್ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಟಿಪ್ಪು ಹುಟ್ಟಿದ್ದು ಪಕ್ಕದ ದೇವನಹಳ್ಳಿಯಲ್ಲಿ. ಆದರೆ ನಿಮ್ಮ ಮಧುಗಿರಿ ಸೀಮೆಯ ಕಥೆಯನ್ನೇ ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಿ. 1678ರಲ್ಲಿ ಚಿಕ್ಕದೇವರಾಜ ಒಡೆಯರ ದಂಡು ಅಲ್ಲಿನ ಪಾಳೆಯಗಾರರಿಂದ ಮಧುಗಿರಿಯನ್ನು ತೆಗೆದುಕೊಂಡಿತು. 1687ರಲ್ಲಿ ಮೊಘಲರು ಶಿರಾ ಹಿಡಿದು ಅದನ್ನೇ ಒಂದು ಸುಬೆಯ, ಅಂದರೆ ಪ್ರಾಂತ್ಯದ, ರಾಜಧಾನಿ ಮಾಡಿದರು. 1757ರಲ್ಲಿ ಶಿರಾ ಮರಾಠರ ಕೈಗೆ, 1761ರಲ್ಲಿ ಹೈದರನ ಕೈಗೆ, 1766ರಲ್ಲಿ ಮತ್ತೆ ಮರಾಠರಿಗೆ, 1774ರಲ್ಲಿ ಟಿಪ್ಪುವಿಗೆ. 1791ರಲ್ಲಿ ಇಂಗ್ಲಿಷರು ನಂದಿದುರ್ಗದ ಬಂಡೆ ಹತ್ತಿ ಕೋಟೆ ಹಿಡಿದಾಗ ಇಡೀ ಸೀಮೆಯ ತುಂಬ ದಂಡುಗಳೇ ಓಡಾಡುತ್ತಿದ್ದವು. ಇಷ್ಟು ಸೈನ್ಯ ಹಾದುಹೋದ ನೆಲದಲ್ಲಿ ಒಂದು ಕತ್ತಿ ಯಾವ ಸಿಪಾಯಿಯ ಕೈಯಿಂದ ಬೇಕಾದರೂ ಬಿದ್ದಿರಬಹುದು. ಟಿಪ್ಪುವಿನ ಕಾಲಾಳುಗಳ ಮುಖ್ಯ ಆಯುಧ ಬಂದೂಕು ಮತ್ತು ಅದರ ತುದಿಯ ಸನೀನು (ಬಯೊನೆಟ್) ಎಂಬುದನ್ನೂ ಮರೆಯಬಾರದು.

ಟಿಪ್ಪುವಿನ ಖಾಸಾ ಆಯುಧಗಳ ದಾರಿಯೇ ಬೇರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ವಸ್ತುಗಳನ್ನು ಗೆದ್ದವರು ಹಂಚಿಕೊಂಡರು, ಹೆಚ್ಚಿನವು ಹಡಗು ಹತ್ತಿದವು. ಅವುಗಳ ಮೇಲೆ ಹುಲಿಮುಖ, ‘ಬಬ್ರಿ’ ಎನ್ನುವ ಹುಲಿಪಟ್ಟೆ, ಪರ್ಷಿಯನ್ ಬರಹ, ಬಂಗಾರದ ಕೆಲಸ ಇರುತ್ತವೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಅವನ ಮಲಗುವ ಕೋಣೆಯ ಕತ್ತಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತಲ್ಲ, ಆ ಸುದ್ದಿ ಬಂದ ಮೇಲೆ ಪೇಟೆಯಲ್ಲಿ ಹಿತ್ತಾಳೆಯ ಹುಲಿಮುಖದ ನಕಲಿ ಹಿಡಿಗಳಿಗೆ ಬರ ಬರಲೇ ಇಲ್ಲ. ಅಚ್ಚಿಗೆ ಎರಕ ಹೊಯ್ದ ಹಿಡಿಯಲ್ಲಿ ಎರಡು ಹೋಳು ಕೂಡಿದ ಗೆರೆ ಕಿವಿಯ ಹಿಂದೆಯೋ ಗದ್ದದ ಕೆಳಗೋ ಸಣ್ಣಗೆ ಉಳಿದಿರುತ್ತದೆ. ಬೆರಳಾಡಿಸಿದರೆ ಸಾಕು, ಗೊತ್ತಾಗುತ್ತದೆ.

ನಿಮ್ಮ ಕತ್ತಿಗೆ ಬರೋಣ. ತುದಿಯಲ್ಲಿ ತಟ್ಟೆ, ನಡುವೆ ಉಬ್ಬಿದ ಹಿಡಿ, ಕೆಳಗೆ ಎರಡು ಕಡೆ ಚಾಚಿದ ಗಿಡ್ಡ ತೋಳು: ಇದು ತಲವಾರಿನ ಹಿಡಿ. ದೆಹಲಿಯಿಂದ ದಖ್ಖನ್ನಿನವರೆಗೂ ಚಾಲ್ತಿಯಲ್ಲಿದ್ದ ಮಾದರಿ. ಹಿಡಿದು ನೋಡಿದರೆ ಬೆರಳುಗಳು ಇರುಕಿಸಿದಂತೆ ಅನ್ನಿಸಿರಬೇಕು. ಹಿಂದಿನವರ ಕೈ ಚಿಕ್ಕದಿತ್ತು ಎಂದು ಇದಕ್ಕೆ ಎಲ್ಲರೂ ಹೇಳುವ ವಿವರಣೆ ಸುಳ್ಳು. ಬೀಸುವಾಗ ಕೈ ಜಾರಬಾರದು, ತಟ್ಟೆ ಮಣಿಕಟ್ಟಿಗೆ ತಾಗಿ ಕತ್ತಿ ಕೈಗೆ ಕಚ್ಚಿಕೊಂಡಿರಬೇಕು ಎಂದೇ ಹಾಗೆ ಮಾಡುತ್ತಿದ್ದರು.

ಆದರೆ ಹಿಡಿ ನೋಡಿ ಕತ್ತಿಯ ಕಾಲ ಹೇಳಲು ಹೋಗಬೇಡಿ. ನಮ್ಮ ನಾಡಿನ ಕತ್ತಿಗಳಲ್ಲಿ ಎಲ್ಲರೂ ಎಡವುವುದು ಇಲ್ಲಿಯೇ. ತಲವಾರಿನಲ್ಲಿ ಅಲಗಿನ ಬಾಲ ಹಿಡಿಯ ಪೊಳ್ಳಿನೊಳಗೆ ಹೋಗಿ ಅರಗಿನಲ್ಲಿ ಕೂತಿರುತ್ತದೆ. ಬೆಂಕಿಗೆ ತೋರಿಸಿದರೆ ಅರಗು ಕರಗಿ ಅಲಗು ಕೈಗೆ ಬರುತ್ತದೆ. ಗುದ್ದಲಿಗೆ ಕಾವು ಬದಲಿಸಿದ ಹಾಗೆ ಕತ್ತಿಗೆ ಹಿಡಿ ಬದಲಿಸುತ್ತಿದ್ದರು. ತಾತನ ಅಲಗಿಗೆ ಮೊಮ್ಮಗ ಹೊಸ ಹಿಡಿ ಹಾಕಿಸಿಕೊಳ್ಳುವುದು, ಶತ್ರುವಿನಿಂದ ಕಿತ್ತುಕೊಂಡ ಅಲಗಿಗೆ ತನ್ನ ಊರಿನ ಹಿಡಿ ಕೂರಿಸುವುದು ದಿನನಿತ್ಯದ ಕೆಲಸ. ಹಾಗಾಗಿ ಒಂದೇ ಕತ್ತಿಯ ಅಲಗಿಗೆ ಒಂದು ವಯಸ್ಸು, ಹಿಡಿಗೆ ಇನ್ನೊಂದು, ಒರೆಗೆ ಮತ್ತೊಂದು. ಮೂರನ್ನೂ ಬೇರೆ ಬೇರೆ ವಿಚಾರಿಸಬೇಕು. ಈ ಅರಗಿನ ಕಾರಣಕ್ಕೇ ಇನ್ನೊಂದು ಎಚ್ಚರಿಕೆ: ಕತ್ತಿಯನ್ನು ಬಿಸಿನೀರಿಗೆ ಹಾಕಬೇಡಿ, ಬೇಸಿಗೆಯ ಬಿಸಿಲಲ್ಲಿ ಗಂಟೆಗಟ್ಟಲೆ ಒಣಗಿಸಬೇಡಿ.

ಈಗ ಆ ಕುಡುಗೋಲಿನ ಗುರುತು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ. ಹಲ್ಲಿರುವ ಎರಡು ಅರ್ಧಚಂದ್ರ, ಬೆನ್ನು ಹೊರಗೆ, ತುದಿಗಳಲ್ಲಿ ಒಮ್ಮೊಮ್ಮೆ ಮೂರು ಚುಕ್ಕಿ. ಇದು ಮೂಲದಲ್ಲಿ ಯುರೋಪಿನ ಅಲಗುಗಳ ಗುರುತು. ಇಟಲಿಯ ಜಿನೋವಾದ ಹೆಸರಿನೊಂದಿಗೆ ಇದನ್ನು ಜೋಡಿಸುತ್ತಾರೆ, ಬೇರೆ ಊರುಗಳಲ್ಲೂ ಒತ್ತುತ್ತಿದ್ದರು. ಹದಿನಾರು, ಹದಿನೇಳನೇ ಶತಮಾನದಲ್ಲಿ ಪೋರ್ಚುಗೀಸರಿಂದ ಹಿಡಿದು ಹಲವರು ಅಲಗುಗಳನ್ನು ಪಶ್ಚಿಮ ಕರಾವಳಿಗೆ ತಂದು ಇಳಿಸಿದರು. ನಮ್ಮವರು ಅವಕ್ಕೆ ‘ಫಿರಂಗಿ’, ಅಂದರೆ ಪರದೇಶದವರದು, ಎಂದರು. ಹೊರಗಿನ ಅಲಗಿಗೆ ಬೆಲೆ ಬಂತು ಎಂದ ಕೂಡಲೇ ಏನಾಗುತ್ತದೆ? ಇಲ್ಲಿನ ಕಮ್ಮಾರರೂ ಅದೇ ಗುರುತನ್ನು ತಮ್ಮ ಅಲಗಿನ ಮೇಲೆ ಒತ್ತತೊಡಗಿದರು. ಅಫ್ಘಾನಿಸ್ತಾನದಲ್ಲಿ, ಕಾಕಸಸ್ ಬೆಟ್ಟಗಳ ಕಡೆಯೂ ಇದೇ ಕಥೆ. ಗುರುತು ಇದೆ ಎಂದ ಮಾತ್ರಕ್ಕೆ ಅಲಗು ಯುರೋಪಿನದು ಎನ್ನುವಂತಿಲ್ಲ. ಎರಡು ಕುಡುಗೋಲೂ ಒಂದೇ ಅಚ್ಚಿನಿಂದ ಒತ್ತಿದಂತೆ ಆಳ, ಅಳತೆ ಒಂದೇ ಸಮ ಇವೆಯೇ, ಅಥವಾ ಉಳಿಯಲ್ಲಿ ಹಲ್ಲುಗಳನ್ನು ಒಂದೊಂದಾಗಿ ಹೊಡೆದಂತೆ ಏರುಪೇರಾಗಿವೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಏರುಪೇರಾಗಿದ್ದರೆ ಇಲ್ಲಿನ ನಕಲು ಎಂಬ ಅನುಮಾನ ಬಲವಾಗುತ್ತದೆ.

ಅಲಗು ಎಲ್ಲಿಯದೆಂದು ತಿಳಿಯಲು ಇನ್ನೊಂದು ಜಾಗ ಇದೆ. ಹಿಡಿಯಿಂದ ಕೆಳಗೆ ಎರಡು ಮೂರು ಬೆರಳಗಲ ಅಂಚು ಹರಿತವಿಲ್ಲದೆ ದಪ್ಪಗೆ ಉಳಿದು, ಆಮೇಲೆ ಒಂದು ಸಣ್ಣ ಮೆಟ್ಟಿಲಿನಂತೆ ಹರಿತ ಶುರುವಾಗಿದ್ದರೆ ಅದು ಈ ದೇಶದ ಕಮ್ಮಾರನ ರೂಢಿ. ಅಲಗು ಮೊನೆಯ ಹತ್ತಿರ ಅಗಲವಾಗಿ, ಉದ್ದಕ್ಕೂ ಒಂದೇ ಒಂದು ಅಗಲವಾದ ತಗ್ಗು ಇದ್ದರೆ ಇಂಗ್ಲಿಷರ 1796ರ ಮಾದರಿಯ ಕುದುರೆಪಡೆಯ ಕತ್ತಿಯ ಅಲಗು ಇರಬಹುದು. ಅಂಥವಕ್ಕೆ ತಲವಾರಿನ ಹಿಡಿ ಹಾಕಿಕೊಂಡವರು ಬಹಳ. ಆಗ ಬೆನ್ನಿನ ಮೇಲೆ, ಹಿಡಿಯ ಪಕ್ಕದಲ್ಲೇ, ಸಣ್ಣ ಇಂಗ್ಲಿಷ್ ಅಕ್ಷರ ಹುಡುಕಿ. ‘ರಂಕೆಲ್ ಸೋಲಿಂಗನ್’ ಎಂಬಂಥ ಹೆಸರು ಸಿಕ್ಕರೆ ಅಲಗು ಜರ್ಮನಿಯ ಸೋಲಿಂಗನ್ ಊರಿನದು. ಬೆನ್ನನ್ನು ಯಾರೂ ನೋಡುವುದಿಲ್ಲ. ಫೋಟೊ ಕಳಿಸುವವರೆಲ್ಲ ಅಗಲದ ಭಾಗವನ್ನೇ ಕಳಿಸುತ್ತಾರೆ.

ನಿಮ್ಮ ಸೀಮೆಯವರು ಮರೆಯಬಾರದ ಇನ್ನೊಂದು ಸಾಧ್ಯತೆ ಇದೆ: ಅಲಗು ಅಲ್ಲಿಯದೇ ಉಕ್ಕಿನದ್ದಾಗಿರಬಹುದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗದ ಕಡೆ ಕಬ್ಬಿಣ ಕರಗಿಸುವ, ಉಕ್ಕು ಮಾಡುವ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ಮೆದು ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಒಲೆಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ ಎಲೆ ಸುಟ್ಟು ಇದ್ದಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಆ ಗಟ್ಟಿಯನ್ನು ನಿಧಾನ ಬಿಸಿಯಲ್ಲಿ ಬಡಿದು ಮಾಡಿದ ಒಳ್ಳೆಯ ಅಲಗಿನಲ್ಲಿ ನೀರಿನ ಅಲೆಯಂಥ ಸಣ್ಣ ಎಳೆಗಳು ಕಾಣುತ್ತವೆ. ಆ ಎಳೆ ಬರೀ ಮೇಲಿನ ಬಣ್ಣವಲ್ಲ, ಉಕ್ಕಿನೊಳಗೇ ಇರುವುದು. ಆದರೆ ಕಣ್ಣಿಗೆ ಕಾಣುವುದು ಮೇಲ್ಮೈಯನ್ನು ಹುಳಿ ತಾಗಿಸಿ ಎಬ್ಬಿಸಿದಾಗ ಮಾತ್ರ. ಉಪ್ಪುಕಾಗದ ಹಾಕಿದರೆ ಅದು ಅಳಿಸಿಹೋಗುತ್ತದೆ. ನಕಲಿ ಅಲಗಿನಲ್ಲಿ ರಾಸಾಯನಿಕದಿಂದ ಬರೆದ ಎಳೆ ಇರುತ್ತದೆ. ಅದು ಗೀರು ಬಿದ್ದ ಕಡೆ, ಸವೆದ ಕಡೆ ತಟ್ಟನೆ ಮಾಯ. ಒಂದೇ ವಿನ್ಯಾಸ ಅಲಗಿನುದ್ದಕ್ಕೂ ಮರಳಿ ಮರಳಿ ಬರುವುದೂ ಉಂಟು.

ಇಷ್ಟರ ಮೇಲೆ, ಫೋಟೊ ನೋಡದೆ ನಾನು ಹೇಳಬಹುದಾದದ್ದು: ನೀವು ಹೇಳಿದ ಉದ್ದ, ಬಾಗು, ತಟ್ಟೆ, ಗುರುತು ಸೇರಿದರೆ ಹದಿನೆಂಟನೇ ಶತಮಾನದ ಅಥವಾ ಹತ್ತೊಂಬತ್ತರ ಮೊದಲ ಭಾಗದ ಸಾಮಾನ್ಯ ಸಿಪಾಯಿ ತಲವಾರು ಎಂಬ ಊಹೆಗೆ ಹೊಂದುತ್ತದೆ. ಸಾಮಾನ್ಯ ಎಂದರೆ ಬೇಸರ ಬೇಡ. ಬಂಗಾರ ಮೆತ್ತಿದ ಕತ್ತಿಗಳಿಗೆ ಅರಮನೆ, ಮ್ಯೂಸಿಯಂ ಇವೆ. ದಿಟವಾಗಿ ಹೊಡೆದಾಡಿದ ಸಾದಾ ಕತ್ತಿಗಳೇ ಗುಜರಿಗೆ ಹೋಗಿ, ಕುಡುಗೋಲಾಗಿ ಮುಗಿದುಹೋದವು. ಕೆಲವರು ಊರ ಮುಂದಿನ ವೀರಗಲ್ಲು ತೋರಿಸಿ ‘ಇದೇ ಕತ್ತಿ ನಮ್ಮ ಮನೆಯಲ್ಲಿರುವುದು’ ಅನ್ನುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಂಗ, ನೊಳಂಬರ ಕಾಲದ ಕಲ್ಲುಗಳ ಮೇಲಿನ ಆಯುಧಕ್ಕೂ ನಿಮ್ಮ ತಲವಾರಿಗೂ ನಡುವೆ ನೂರಾರು ವರ್ಷಗಳ ಅಂತರವಿದೆ.

ಕಠಾರಿಯ ಬಗ್ಗೆ ನೀವು ಒಂದೇ ಮಾತು ಬರೆದಿದ್ದೀರಿ. ಎರಡು ಉದ್ದ ಪಟ್ಟಿಗಳ ನಡುವೆ ಅಡ್ಡಪಟ್ಟಿ ಇದ್ದು ಮುಷ್ಟಿಯಲ್ಲಿ ಹಿಡಿದು ತಿವಿಯುವಂಥದ್ದಾದರೆ, ಅಲಗು ಹಿಡಿಗೆ ಕೂಡುವ ಜಾಗ ನೋಡಿ. ಅಲ್ಲಿ ಮೊಳೆ ಬಡಿದು ಜೋಡಿಸಿದ್ದರೆ ಮುರಿದ ಫಿರಂಗಿ ಕತ್ತಿಯ ತುಂಡನ್ನೇ ಕಠಾರಿ ಮಾಡಿರುವ ಸಾಧ್ಯತೆ ಹೆಚ್ಚು. ದಕ್ಷಿಣದಲ್ಲಿ ಇದು ತುಂಬ ನಡೆದ ಕೆಲಸ. ಮೊನೆ ಉಬ್ಬಿ ದಪ್ಪಗಿದ್ದರೆ ಕಬ್ಬಿಣದ ಬಳೆಗಳ ಅಂಗಿ ತೂರಲು ಮಾಡಿದ್ದು. ಕೈಯ ಹಿಂಭಾಗ ಮುಚ್ಚುವ ಎಲೆಯಾಕಾರದ ತಗಡು ಇದ್ದರೆ ಮಾತ್ರ ಕೂಡಲೇ ತಿಳಿಸಿ. ಅದು ವಿಜಯನಗರ, ತಂಜಾವೂರಿನ ಕಡೆಯ ಮಾದರಿ, ತಲವಾರಿಗಿಂತ ಅದೇ ಅಪರೂಪ.

ಇನ್ನು ಹಳೆಯದೋ ಹಳೆಯದಾಗಿಸಿದ್ದೋ ಎಂಬ ಪ್ರಶ್ನೆ. ನಿಮ್ಮದು ಸ್ವಂತ ಅಟ್ಟದ್ದಾದ್ದರಿಂದ ಈ ಭಯ ಕಮ್ಮಿ. ಕೊಳ್ಳುವವರಿಗಾಗಿ ಹೇಳುತ್ತೇನೆ: ಹಳೇ ತುಕ್ಕು ಕಪ್ಪು ಕಂದು, ಗಟ್ಟಿ, ಕೈಗೆ ಹತ್ತುವುದಿಲ್ಲ. ಆಮ್ಲ ಹಾಕಿ ಮಾಡಿದ್ದು ಕಿತ್ತಳೆ, ಎಲ್ಲ ಕಡೆ ಒಂದೇ ಸಮ, ಬೆರಳಿಗೆ ಬರುತ್ತದೆ. ಹಿಡಿಯ ಸಂದಿಯಲ್ಲಿ ವೆಲ್ಡಿಂಗ್ ಗುಳ್ಳೆ, ತಿರುಪುಮೊಳೆಯ ಸುತ್ತುಗೆರೆ, ಹೊಳೆಯುವ ಕ್ರೋಮ್ ಲೇಪ ಕಂಡರೆ ಅದು ಮದುವೆ ಗಂಡಿನ ಕೈಗೆ ಕೊಡುವ ಕತ್ತಿ. ನಿವೃತ್ತ ಸೈನಿಕರ ಮನೆಗಳಲ್ಲಿ ಸಿಗುವ, 17 ಇಂಚಿನ ಅಲಗಿನ, ಮರದ ಹಿಡಿಯ ಉದ್ದ ಚೂರಿ 1907ರ ಮಾದರಿಯ ಸನೀನು. ಅದರ ಮೇಲೆ ಕಿರೀಟದ ಮುದ್ರೆಯೂ ವರ್ಷವೂ ಇರುವುದರಿಂದ ನನ್ನನ್ನು ಕೇಳುವ ಅಗತ್ಯವೇ ಇಲ್ಲ.

ನಿಮ್ಮ ಕತ್ತಿಗೆ ನಿಜವಾದ ಬೆಲೆ ತರುವುದು ಅದರ ಜೊತೆಗಿನ ಕಾಗದ. ತಳವಾರಿಕೆ ಇತ್ತು ಎಂದಿರಲ್ಲ, ಅದಕ್ಕೆ ಇನಾಂ ಜಮೀನೂ ಇದ್ದಿರಬೇಕು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದ ಮೇಲೆ ಅಂಥ ಜಮೀನುಗಳನ್ನು ಹುದ್ದೆಯಲ್ಲಿದ್ದ ಮನೆತನಗಳಿಗೇ ಮರುಮಂಜೂರು ಮಾಡಿದರು. ಆ ಆದೇಶದ ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿಲ್ಲದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹುಡುಕಿಸಿ, ನಕಲಿಗೆ ಅರ್ಜಿ ಕೊಡಿ. ಮುತ್ತಾತನ ಹೆಸರು, ಹುದ್ದೆ ಕಾಗದದಲ್ಲಿ ಬಂದರೆ ಕತ್ತಿ ಒಂದು ಊರಿನ ಕಾವಲಿನ ಕತ್ತಿಯಾಗುತ್ತದೆ. ಟಿಪ್ಪು ದಂಡಿನದು ಎಂಬ ಬಾಯಿಮಾತಿಗಿಂತ ಅದು ಎಷ್ಟೋ ಗಟ್ಟಿ. ದೊಡ್ಡಪ್ಪನವರ ಮಾತನ್ನೂ ತಳ್ಳಿಹಾಕಬೇಡಿ. ಅವರಿಗೆ ಯಾರು ಹೇಳಿದ್ದು, ಕತ್ತಿಯನ್ನು ಯಾವಾಗ ಕೆಳಗೆ ಇಳಿಸುತ್ತಿದ್ದರು ಎಂದು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ನೋಡಿಕೊಳ್ಳುವ ರೀತಿ ಸುಲಭ. ಒರೆ ಇದ್ದರೆ ಕತ್ತಿ ಹಿರಿಯುವಾಗ ಒರೆಯನ್ನು ಬೆನ್ನಿನ ಕಡೆಯಿಂದ ಹಿಡಿಯಿರಿ. ಹಳೇ ಮರ, ತೊಗಲು ಅಂಚಿನ ಕಡೆ ಬಿಟ್ಟುಕೊಂಡಿರುತ್ತದೆ, ಅಲಗು ಅದನ್ನು ಸೀಳಿ ನೇರ ಅಂಗೈಗೆ ಬರುತ್ತದೆ. ಮೊದಲು ಒಣ ಮೆದು ಬ್ರಷ್ಷಿನಿಂದ ಧೂಳು ತೆಗೆಯಿರಿ. ಅಟ್ಟದ ಹೊಗೆಯ ಮಸಿ ಕಂಡರೆ ಬೈಯಬೇಡಿ, ಆ ಜಿಡ್ಡೇ ಇಷ್ಟು ವರ್ಷ ಗಾಳಿಯ ತೇವ ತಾಗದಂತೆ ಕಾಪಾಡಿರುವುದು. ಆಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಹತ್ತಿ ಬಟ್ಟೆಗೆ ಹಾಕಿ ಅಲಗಿಗೆ ಸವರಿ ಒಂದೆರಡು ದಿನ ಬಿಡಿ, ಮತ್ತೆ ಒರೆಸಿ. ಪುಡಿಯಾಗಿ ಉದುರುವ ಕೆಂಪು ತುಕ್ಕು ಮಾತ್ರ ಹೋಗಬೇಕು, ಕಪ್ಪು ಮೈ ಇರಲಿ. ಕೊಬ್ಬರಿ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಹುಣಸೆಹಣ್ಣು, ನಿಂಬೆ, ಸೀಮೆಸುಣ್ಣ, ಬೂದಿ ಯಾವುದೂ ಬೇಡ. ಹಿಡಿಯ ಮೇಲೆ ಬೆಳ್ಳಿ ಬಂಗಾರದ ಎಳೆ ಕಂಡರೆ ಅಲ್ಲಿಗೆ ಬಟ್ಟೆಯನ್ನೂ ತಾಗಿಸಬೇಡಿ. ಆ ಕೆಲಸದಲ್ಲಿ ಕಬ್ಬಿಣವನ್ನು ಗೀರಿ ಮೇಲೆ ತೆಳು ತಗಡು ಒತ್ತಿರುತ್ತಾರೆ, ಅಡಿಯಲ್ಲಿ ತುಕ್ಕು ಎದ್ದಿದ್ದರೆ ಉಗುರಿಗೇ ಕಿತ್ತು ಬರುತ್ತದೆ. ಕೊನೆಗೆ ಒರೆಯಿಂದ ಹೊರಗೇ, ಹತ್ತಿ ಬಟ್ಟೆ ಸುತ್ತಿ ಇಡಿ. ತೊಗಲು ತೇವ ಹೀರಿ ಉಕ್ಕಿಗೆ ಬಿಡುತ್ತದೆ.

ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿ, ಕಠಾರಿ, ಭರ್ಜಿಗಳು ಆಯುಧದ ಪಟ್ಟಿಯಲ್ಲಿವೆ. ಮನೆಗೆಲಸದ, ಬೇಸಾಯದ ಕತ್ತಿಗಳು ಇಲ್ಲ. ಇಂಥ ಹರಿತದ ಆಯುಧಗಳಿಗೆ ಲೈಸೆನ್ಸ್ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ಅದೇ ಕಾಯ್ದೆಯ 45ನೇ ಕಲಮು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ನಿಮ್ಮದು ಪುರಾತನ ಎಂದು ನೀವೇ ತೀರ್ಪು ಕೊಟ್ಟುಕೊಂಡು ಸುಮ್ಮನಿರಬೇಡಿ. ಫೋಟೊ, ಅಳತೆ, ಸಿಕ್ಕ ಬಗೆ ಬರೆದು ಠಾಣೆಗೂ ಜಿಲ್ಲಾಧಿಕಾರಿ ಕಚೇರಿಗೂ ಒಂದೊಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೆರವಣಿಗೆಯಲ್ಲಿ ಹಿಡಿದು ಕುಣಿಯುವುದು, ಹಿಡಿದು ನಿಂತ ಫೋಟೊ ಸ್ಟೇಟಸ್ಸಿಗೆ ಹಾಕುವುದು ಬೇಡ. ಹಳೇ ಕೋವಿ ಸಿಕ್ಕಿದ್ದರೆ ವಿಷಯ ಬೇರೆ, ನೇರ ಪೊಲೀಸರಿಗೆ ತಿಳಿಸಬೇಕು, ಮದ್ದು ತುಂಬಿ ನೋಡುವ ಹುಚ್ಚಾಟ ಕೂಡದು.

ಇದು ಮನೆಯ ಅಟ್ಟದ್ದು. ಪಾಯ ತೋಡುವಾಗ ನೆಲದಿಂದ ಏನಾದರೂ ಎದ್ದರೆ ಅದಕ್ಕೆ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಬಾವಿಯ ಹೂಳಿನಿಂದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಸಿಕ್ಕಿದ್ದು ನೆನಪಿರಬಹುದು. ಪುರಾತತ್ವ ಇಲಾಖೆ ಅಗೆದು ತೆಗೆದದ್ದರಿಂದಲೇ ಅವು ಗುಜರಿ ಸೇರದೆ ಉಳಿದವು.

ಮಾರುವ ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ್ದು ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಕೊಂಡು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಆ ಬೆಂಗಳೂರಿನವರನ್ನು ಲೈಸೆನ್ಸ್ ಪ್ರತಿ ಕಳಿಸಿ ಎಂದು ಕೇಳಿ. ಅಲ್ಲಿಗೇ ಮಾತು ನಿಂತರೆ ನಿಮಗೆ ನಷ್ಟವೇನಿಲ್ಲ. ನೋಂದಣಿ ಬೇಕೇ ಎಂಬುದನ್ನು ಪ್ರಾಚ್ಯವಸ್ತು ನೋಂದಣಾಧಿಕಾರಿಯ ಹತ್ತಿರ ಲಿಖಿತವಾಗಿ ಕೇಳಬಹುದು. ಕೊಡುವುದೇ ಆದರೆ ಮ್ಯೂಸಿಯಂಗೆ ಮನೆತನದ ಹೆಸರಿನಲ್ಲಿ ಕೊಡುವ ದಾರಿಯೂ ಇದೆ. ಅದಕ್ಕೂ ಮುಂಚೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಮೈಸೂರು ಅರಮನೆಯ ಆಯುಧಗಳ ವಿಭಾಗಕ್ಕೂ, ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಂಡು, ಒಮ್ಮೆ ಹೋಗಿ, ಹಿಡಿಗಳನ್ನೇ ನೋಡುತ್ತಾ ಬನ್ನಿ.

ಆಯುಧಪೂಜೆಗೆ ಧಾರಾಳವಾಗಿ ಇಡಿ, ತಳವಾರರ ಮನೆಯ ಕತ್ತಿಗೆ ಪೂಜೆ ಬೇಡ ಎನ್ನಲು ನಾನ್ಯಾರು? ಆದರೆ ಅರಿಶಿನ ಕುಂಕುಮವನ್ನು ಅಲಗಿಗೆ ಹಚ್ಚಬೇಡಿ, ಕೆಳಗೆ ಹಾಸಿದ ಬಟ್ಟೆಗೋ ತಟ್ಟೆಗೋ ಇಡಿ. ಒದ್ದೆ ಕುಂಕುಮ ಅಲಗಿನ ಸಾಲುಗಳಲ್ಲಿ ಕೂತು ತಿಂಗಳುಗಟ್ಟಲೆ ತೇವ ಹಿಡಿಯುತ್ತದೆ, ಪೂಜೆ ತಪ್ಪದ ಮನೆಗಳ ಕತ್ತಿಗಳಲ್ಲಿ ಸಾಲಿನುದ್ದಕ್ಕೂ ಗುಳಿ ಬಿದ್ದಿರುವುದು ಇದರಿಂದಲೇ. ನಿಂಬೆಹಣ್ಣನ್ನು ಮೊನೆಗೆ ಚುಚ್ಚದೆ ಪಕ್ಕದಲ್ಲಿಡಿ. ಪೂಜೆ ಮುಗಿದ ಸಂಜೆಯೇ ಹೂವು ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ ಎತ್ತಿಡಿ. ಹಾಗೇ ಬೆನ್ನು, ಗುರುತು, ತಟ್ಟೆಯ ಒಳಮೈ, ಕಠಾರಿಯ ಕೂಡುಜಾಗ, ಈ ನಾಲ್ಕರ ಫೋಟೊಗಳನ್ನು ಫ್ಲಾಶ್ ಇಲ್ಲದೆ, ಬೆಳಗಿನ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು ಕಳಿಸಿ.